ಇಬ್ಬರಾದ ಜಯಮ್ಮ

ಒಪ್ಪಿಕೊಂಡುಬಿಡುತ್ತೇನೆ, ನಾನು ಸೋಮಾರಿ ಪ್ರೋಗ್ರಾಮರ್. ಏನೇನು ಮಾಹಿತಿ ಇಡಬೇಕೆಂದು ಪಟ್ಟಿ ಕೊಟ್ಟು, ಉಳಿದ ಕೋಡನ್ನು ಒಂದು ಟೂಲ್ ಕೈಲಿ ಬರೆಸಿಬಿಡುತ್ತೇನೆ. ಅದು ಬೇಸರವಿಲ್ಲದೆ ಪುಟಗಟ್ಟಲೆ ಬರೆಯುತ್ತದೆ, ನಡುವೆ ಕಾಫಿ ಕೇಳುವುದಿಲ್ಲ. ಕಾಫಿ ನಾನು ಕುಡಿಯುತ್ತೇನೆ. ಗಾಂಧಿ ಬಜಾರಿನ ಪಕ್ಕದ ರಸ್ತೆಯ ಪುಟ್ಟ ಕ್ಲಿನಿಕ್ಕೊಂದಕ್ಕೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರನ್ನೂ ಹೀಗೇ ಮಾಡಿಕೊಟ್ಟಿದ್ದೆ. ಎರಡು ದಾಖಲೆ ಒಬ್ಬರದೇ ಎನ್ನಬೇಕಾದರೆ ಹೆಸರು, ವಿಳಾಸ, ಫೋನು, ಕ್ಲಿನಿಕ್ಕಿನ ಕಾರ್ಡ್ ನಂಬರು ಎಲ್ಲವೂ ತಾಳೆಯಾಗಬೇಕೆಂದು ಟೂಲ್ ತಾನೇ ತೀರ್ಮಾನಿಸಿತ್ತು. ನಾನು ನೋಡಲೂ ಹೋಗಲಿಲ್ಲ.

ಆ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿರುವವರು ನಾಗರತ್ನ ಮೇಡಂ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಬಂದವರು ಯಾರೆಂದು ಹೇಳಬಲ್ಲವರು. ಒಂದು ಬೆಳಿಗ್ಗೆ ಫೋನ್ ಮಾಡಿದರು. "ಸ್ವಲ್ಪ ಬಂದ್ಬಿಡಿ. ನಿಮ್ಮ ಕಂಪ್ಯೂಟರು ಜಯಮ್ಮನವರನ್ನ ಇಬ್ಬರು ಮಾಡಿಟ್ಟಿದೆ."

ಹೋದೆ. ಹನುಮಂತನಗರದ ಜಯಮ್ಮ ಕುಮಾರ ಪಾರ್ಕಿಗೆ ಮನೆ ಬದಲಾಯಿಸಿ, ಫೋನ್ ನಂಬರೂ ಬದಲಾಯಿಸಿದ್ದರು. ನನ್ನ ಕೋಡು ಅವರನ್ನು ಹೊಸಬರೆಂದುಕೊಂಡಿತ್ತು. ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಮಾತು ಹಳೆಯ ದಾಖಲೆಯಲ್ಲೇ ಉಳಿದಿತ್ತು. ಡಾಕ್ಟರು ಹೊಸದನ್ನು ನೋಡಿ ಗಂಟಲುನೋವಿಗೆ ಪೆನಿಸಿಲಿನ್ನನ್ನೇ ಬರೆಯಲು ಪೆನ್ನು ತೆಗೆದಿದ್ದರಂತೆ. "ಬೇಡ ಡಾಕ್ಟ್ರೇ, ಹೋದ ಸಲ ಮುಖ ಊದಿತ್ತು" ಎಂದು ತಡೆದವರು ನಾಗರತ್ನ ಮೇಡಂ.

ಅಲ್ಲೇ ಖಾಲಿ ಕಂಡ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದೆ. "ಮೇಡಂ, ಒಬ್ಬ ಮನುಷ್ಯನಲ್ಲಿ ಬದಲಾಗದೇ ಇರೋದು ಯಾವುದು?"

"ಮನೆ ಬದಲಾಗತ್ತೆ, ಫೋನ್ ಬದಲಾಗತ್ತೆ, ಮದುವೆಯಾದ್ರೆ ಹೆಸರೂ ಬದಲಾಗತ್ತೆ. ನಾವು ಕೊಟ್ಟ ಕಾರ್ಡ್ ನಂಬರ್ ಹಾಗೇ ಇರತ್ತೆ."

ಕಾರ್ಡ್ ನಂಬರ್ ಒಂದೇ ಆದರೆ ಮನುಷ್ಯರೂ ಒಬ್ಬರೇ ಎಂದು ನನ್ನ ಕೈಯಾರೆ ಬರೆದೆ. ಇಬ್ಬರು ಜಯಮ್ಮನವರನ್ನೂ ಒಂದು ಮಾಡಿ, ಹೊಸ ಫೋನ್ ನಂಬರ್ ತುಂಬಿ, ಹೆಮ್ಮೆಯಿಂದ ಹುಡುಕಿದೆ. 'ಇಂಥವರು ಯಾರೂ ಇಲ್ಲ' ಎಂದು ಬಂತು.

"ಇಲ್ಲೇ ಇದೀನಲ್ಲಪ್ಪಾ!" ಎಂದರು ಜಯಮ್ಮ, ನನ್ನ ಬೆನ್ನ ಹಿಂದೆ ನಿಂತು.

ಕಂಪ್ಯೂಟರು ಎಲ್ಲ ದಾಖಲೆಗಳನ್ನೂ ತಡಕುವುದಿಲ್ಲ, ವಿವರಗಳಿಂದ ಒಂದು ಸಂಖ್ಯೆ ಮಾಡಿಕೊಂಡು ಆ ಸಂಖ್ಯೆಯ ಜಾಗದಲ್ಲಿ ಮಾತ್ರ ನೋಡುತ್ತದೆ, ಅದಕ್ಕೆ ಹ್ಯಾಶ್ ಅನ್ನುತ್ತಾರೆ ಎಂದು ಗಂಭೀರವಾಗಿ ವಿವರಿಸಿದೆ. ತಪ್ಪು ಮಾಡಿದಾಗ ನಾನು ಪಾಠ ಹೇಳುತ್ತೇನೆ, ಅದು ನನ್ನ ಅಭ್ಯಾಸ.

"ಅಂದ್ರೆ ನಮ್ಮ ಹಳೇ ಫೈಲ್ ರ‍್ಯಾಕ್ ಥರ. ರ‍್ಯಾಕ್ ನಂಬರನ್ನ ಯಾವುದರಿಂದ ಮಾಡ್ತಿದೀರಿ?"

"ಎಲ್ಲದರಿಂದ... ಫೋನ್ ನಂಬರಿಂದಾನೂ."

"ಹಾಗಾದ್ರೆ ಫೋನ್ ಬದಲಾದ್ರೆ ಬೇರೆ ರ‍್ಯಾಕಲ್ಲಿ ಹುಡುಕತ್ತೆ, ಅಲ್ವಾ?"

ಯಾರು ಒಬ್ಬರೇ ಎನ್ನುವ ನಿಯಮವನ್ನು ತಿದ್ದಿದ ನಾನು, ಹ್ಯಾಶನ್ನು ಟೂಲ್ ಬರೆದ ಹಾಗೇ ಬಿಟ್ಟಿದ್ದೆ. ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ್ದನ್ನು ಈಕೆ ನಾಲ್ಕು ನಿಮಿಷದಲ್ಲಿ ಹಿಡಿದುಬಿಟ್ಟರಲ್ಲ! ಹ್ಯಾಶನ್ನೂ ಕಾರ್ಡ್ ನಂಬರಿನಿಂದಲೇ ಮಾಡಿಸಿದೆ. ಒಬ್ಬರೇ ಜಯಮ್ಮ, ಪೆನಿಸಿಲಿನ್ ಎಚ್ಚರಿಕೆಯ ಸಮೇತ, ಪರದೆಯ ಮೇಲೆ ಮೂಡಿದರು.

"ಮೇಡಂ, ನೀವು ಎಂಜಿನಿಯರ್ ಆಗಬೇಕಿತ್ತು" ಎಂದೆ, ಮನಸ್ಸು ತುಂಬಿ.

"ಅದಿರಲಿ, ಮೊದಲು ಎದ್ದೇಳಿ. ಆಗಿನಿಂದ ಜಯಮ್ಮನವರ ಕುರ್ಚೀಲಿ ಕೂತಿದೀರಿ."

ಪರದೆ ನೋಡಿದೆ. ಪೆನಿಸಿಲಿನ್ ಸಾಲಿನ ಕೆಳಗೇ ಇತ್ತು: 'ಮಂಡಿನೋವು. ಹೆಚ್ಚು ಹೊತ್ತು ನಿಲ್ಲುವಂತಿಲ್ಲ.'