‘ಆತ್ರಿ’ ಎಂಬ ಉತ್ತರವನ್ನು ಮುಗಿದ ಕೆಲಸವೆಂದು ಎಣಿಸದಿರುವ ಬಗ್ಗೆ

ಉತ್ಪಾದಕತೆ ವೃದ್ಧಿ ವಿಭಾಗ, ಜಮಖಂಡಿ ಶಿಬಿರ ಕಚೇರಿ
ಸಂಖ್ಯೆ: ಉವೃವಿ/ಆತು/14/2025-26
ದಿನಾಂಕ: 22 ಜುಲೈ 2025

ಸುತ್ತೋಲೆ

ಉಲ್ಲೇಖ: 1. ಉತ್ಪಾದಕತಾ ಸಲಹೆಗಾರರ ವಾರ್ಷಿಕ ವರದಿ (ಒಣಗಿಸಿದ ಪ್ರತಿ)
2. ಪರಿಶೀಲನಾ ಸಮಿತಿ ಅಧ್ಯಕ್ಷರ ಚಹಾದ ಕಪ್ಪಿಗೆ ದಿನಾಂಕ 14ರಂದು ಬಿದ್ದ ಹನಿ

ಪ್ರಸ್ತಾವನೆ:

ಮೈಸೂರು ಕಡೆಯ ಅರ್ಥಶಾಸ್ತ್ರಜ್ಞ ಡಾ. ನವೀನ ಅವರು ಸರ್ಕಾರದ ಉತ್ಪಾದಕತಾ ಸಲಹೆಗಾರರಾಗಿ ಕಳೆದ ವರ್ಷ ಈ ಕಚೇರಿಗೆ ಬಂದರು. ಹೇಳಿದ ಕೆಲಸಗಳಲ್ಲಿ ಎಷ್ಟು ಮುಗಿದವೆಂದು ಎಣಿಸಿ ವರದಿ ಕೊಡುವುದು ಅವರ ಹೊಣೆ. ಬಂದ ಮೊದಲ ಸೋಮವಾರವೇ ಮಾಳಿಗೆಯ ಸೋರಿಕೆ ರಿಪೇರಿ ಮಾಡಿಸುವಂತೆ ದ್ವಿತೀಯ ದರ್ಜೆ ಸಹಾಯಕ ಹಣಮಪ್ಪ ಅವರಿಗೆ ಸೂಚಿಸಿದರು. ಹಣಮಪ್ಪ “ಆತ್ರೀ ಸಾಹೇಬ್ರ” ಎಂದರು. ಈ ಕಡೆ ‘ಆತು’ ಎಂದರೆ ಮುಗಿಯಿತು ಎಂದು ಸಲಹೆಗಾರರಿಗೆ ಯಾರೋ ಹೇಳಿಕೊಟ್ಟಿದ್ದರು. ಅದಕ್ಕೆ ‘ಸರಿ, ಕೇಳಿಸಿತು’ ಎಂಬ ಅರ್ಥವೂ ಉಂಟೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಮುಗಿದಿದೆ ಎಂದು ಸಂತೋಷದಿಂದ ಗುರುತು ಹಾಕಿಕೊಂಡರು.

ನೀರು ನಿಲ್ಲಲಿಲ್ಲ. ಅವರು ಮತ್ತೆ ಹೇಳಿದರು, ಇವರು ಮತ್ತೆ “ಆತ್ರಿ” ಎಂದರು. ಒಂದೇ ತೂತನ್ನು ವರ್ಷದಲ್ಲಿ ಹದಿನಾಲ್ಕು ಸಲ ಮುಚ್ಚಿದ ಕಚೇರಿ ರಾಜ್ಯದಲ್ಲಿ ಬೇರೊಂದಿಲ್ಲವೆಂದು ವರದಿ ಹೋಯಿತು. ಹೊರಜಿಲ್ಲೆಗಳಿಂದ ಎರಡು ತಂಡಗಳು ಬಂದು, ಛತ್ರಿ ಹಿಡಿದುಕೊಂಡೇ ಕಲಿತು ಹೋದವು.

ಹೀಗಿರಲು ದಿನಾಂಕ 14ರಂದು, ಪರಿಶೀಲನೆಗೆ ಬಂದ ಸಮಿತಿ ಅಧ್ಯಕ್ಷರ ಕಪ್ಪಿಗೆ ಸದರಿ ಹನಿ ಬಿದ್ದಿರುತ್ತದೆ. ಅಧ್ಯಕ್ಷರು ಮೇಲೆ ನೋಡಿದರು, ಸಲಹೆಗಾರರು ಕೆಳಗೆ ನೋಡಿದರು. ಎಂಟು ದಿನದೊಳಗೆ ಸೋರಿಕೆ ನಿಲ್ಲದಿದ್ದರೆ ಸಲಹೆಗಾರರ ಹುದ್ದೆಯೇ ರದ್ದು ಎಂದು ಆದೇಶವಾಯಿತು. ಚಹಾ ತಂದಿದ್ದ ತಂಗೆವ್ವ ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ಹದಿನಾಲ್ಕು ಸಲ ಆತು ಅಂದಾನಂತ. ಒಮ್ಮೆರೆ ಏಣಿ ಕಂಡೀರೇನ್ರೀ?”

ಸಲಹೆಗಾರರು ಏಣಿಯನ್ನು ಕಂಡಿರಲಿಲ್ಲ. ಆದ ಕಾರಣ, ಇನ್ನು ಮುಂದೆ ಎಲ್ಲರೂ ಅನುಸರಿಸತಕ್ಕದ್ದೇನೆಂದರೆ:

1. ‘ಆತ್ರಿ’ ಎಂದರೆ ಮಾತು ಕಿವಿಗೆ ತಲುಪಿದೆ ಎಂದಷ್ಟೇ ತಿಳಿಯತಕ್ಕದ್ದು.

2. ‘ಆತಾತು’ ಎಂದರೆ ಕಿವಿಗೂ ತಲುಪಿಲ್ಲ.

3. ‘ಆತ್ ನೋಡ್ರಿ’ ಎಂದವರು ಕುರ್ಚಿಯಿಂದ ಎದ್ದಿರುತ್ತಾರೆ. ಯಾವ ದಿಕ್ಕಿಗೆ ಹೋದರು ಎಂಬುದಕ್ಕೆ ವಿಭಾಗವು ಜವಾಬ್ದಾರಿಯಲ್ಲ.

4. ‘ಆದಂಗ ತಿಳೀರಿ’ ಎಂದಾಗ ಹಾಗೆ ತಿಳಿಯುವುದನ್ನು ನಿಷೇಧಿಸಲಾಗಿದೆ.

5. ‘ಆಗೇತ್ರಿ’ (ಆಗಿದೆ) ಎಂಬುದನ್ನು ಮಾತ್ರ ಕೆಲಸವೆಂದು ಎಣಿಸಬಹುದು. ಆದಾಗ್ಯೂ ಹಾಗೆಂದವರನ್ನು ಒಂದು ಮಳೆ ಮುಗಿಯುವವರೆಗೆ ಸದರಿ ತೂತಿನ ಕೆಳಗೆ ಕೂರಿಸಿ, ತಲೆ ಮುಟ್ಟಿ ನೋಡತಕ್ಕದ್ದು.

6. ಬೀಳಗಿ ಕಚೇರಿಯ ಸಿಬ್ಬಂದಿ ಫೋನಿನಲ್ಲಿ ತಲೆ ಅಲ್ಲಾಡಿಸಿದ್ದನ್ನು ಒಪ್ಪಿಗೆಯೆಂದು ಪರಿಗಣಿಸಲಾಗದು.

7. ಮನೆಗಳಲ್ಲಿ ಮಕ್ಕಳು ಹೇಳುವ “ಹೋಮ್‌ವರ್ಕ್ ಆತು”, ಗಂಡಂದಿರು ಹೇಳುವ “ಗ್ಯಾಸ್ ಬುಕ್ ಮಾಡೋದಾತು” ಇತ್ಯಾದಿಗಳನ್ನು ಪರಿಶೀಲಿಸುವಷ್ಟು ಸಿಬ್ಬಂದಿ ವಿಭಾಗದಲ್ಲಿಲ್ಲ. ಇಡೀ ದಿನ ದುಡಿದು ಬಂದವರೇ ಅದನ್ನೂ ನೋಡಿಕೊಳ್ಳತಕ್ಕದ್ದು.

ಪಾಲನಾ ವರದಿ:

ಗಡುವಿಗೆ ಒಂದು ದಿನ ಉಳಿದಿರುವಾಗ ಸಲಹೆಗಾರರು, “ಹಣಮಪ್ಪನವರೇ, ನಾಳೆ ನನ್ನ ಕೆಲಸ ಹೋಗ್ತದೆ” ಎಂದರು. “ಏ ಸಾಹೇಬ್ರ, ಅರ್ಜೆಂಟ್ ಐತಿ ಅಂತ ಮೊದಲ ಹೇಳಬಾರದೇನ್ರೀ!” ಎಂದು ಹಣಮಪ್ಪ ತಂಗೆವ್ವನ ಮನೆಯ ಏಣಿ ತಂದು, ತಾವೇ ಮೇಲೆ ಹತ್ತಿ, ಒಂದೂವರೆ ತಾಸಿನಲ್ಲಿ ತೂತು ಮುಚ್ಚಿ, “ಆಗೇತ್ರಿ” ಎಂದರು. ಅಂದೇ ಮಳೆ ಬಂತು. ಕರಡು ಕಲಂ 5ರಂತೆ ಕೂರಿಸಿ ಮುಟ್ಟಿ ನೋಡಲಾಗಿ, ತಲೆ ಒಣಗಿಯೇ ಇತ್ತು.

ಸಲಹೆಗಾರರ ಹುದ್ದೆಯನ್ನು ಸಮಿತಿಯು ಮುಂದುವರಿಸಿದೆ. ಆದರೆ ಕಳೆದ ವರ್ಷ ಹದಿನಾಲ್ಕು ರಿಪೇರಿಯಾಗಿದ್ದ ಕಚೇರಿಯಲ್ಲಿ ಈ ವರ್ಷ ಒಂದೇ ಆಗಿರುವುದನ್ನು ಗಂಭೀರವಾಗಿ ಪರಿಗಣಿಸಿ, ಕುಸಿದ ಉತ್ಪಾದಕತೆಯನ್ನು ಮಾರ್ಚ್ ಒಳಗಾಗಿ ಮೊದಲಿನ ಮಟ್ಟಕ್ಕೆ ತರಲು ತಾಕೀತು ಮಾಡಿದೆ.

ಡಾ. ನವೀನ ಅವರು “ಆತ್ರಿ” ಎಂದಿರುತ್ತಾರೆ.

ಸಹಿ/-
ಇಂದಿರಾಬಾಯಿ
ಅಧೀಕ್ಷಕರು

ಪ್ರತಿಗಳು:
1. ಸಮಿತಿಯ ಅಧ್ಯಕ್ಷರಿಗೆ, ಬೇರೆ ಚಹಾದೊಂದಿಗೆ.
2. ಹಣಮಪ್ಪ ಅವರಿಗೆ, ಓದಿ ಸಹಿ ಮಾಡಲು. (ಆತ್ರಿ ಎಂದಿದ್ದಾರೆ. ಸಹಿ ಬಂದಿಲ್ಲ.)
3. ತಂಗೆವ್ವ ಅವರಿಗೆ. ಏಣಿಯನ್ನು ಮಾರ್ಚ್‌ವರೆಗೆ ಕೊಡದಿರುವಂತೆ ಕೋರಿ.
4. ಮಾಳಿಗೆ ಕೆಳಗಿನ ಬಕೆಟ್ಟಿಗೆ. ನಿವೃತ್ತಿ ಆದೇಶವನ್ನು ತಡೆಹಿಡಿಯಲಾಗಿದೆ.