ಗಾದಿಯ ಕೆಳಗಿದ್ದ ರೈಲು ಪತ್ರಿಕೆ

ಆ ಪತ್ರಿಕೆ ನನಗೆ ಬಿದ್ದದ್ದು ನಾಲ್ಕು ರೂಪಾಯಿಗೆ. ಅಂಥ ಪತ್ರಿಕೆಗಳನ್ನು ನಾನು ಮೊದಲು ಕೊಳ್ಳುತ್ತಿದ್ದದ್ದು ಓದುವುದಕ್ಕಲ್ಲ, ಸೀರೆಯ ಮಡಿಕೆಯೊಳಗೆ ಇಡುವುದಕ್ಕೆ. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಮಡಿಕೆಗೆ ಸುದ್ದಿಪತ್ರಿಕೆ ಇಟ್ಟರೆ ಮಸಿ ಸೀರೆಗೆ ಹತ್ತುತ್ತದೆ, ಬಿಳಿ ಕಾಗದ ಕೊಂಡರೆ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಪರದೇಶದ ಹಳೆಯ ಪತ್ರಿಕೆಗಳ ನುಣುಪು ಹಾಳೆಗೆ ಈ ಎರಡೂ ತಂಟೆಯಿಲ್ಲ. ಹಾಗಾಗಿ ನೂಲು ತರಲು ಇಚಲಕರಂಜಿಗೆ ಹೋದಾಗಲೆಲ್ಲ ಅಲ್ಲಿನ ರದ್ದಿ ಅಂಗಡಿ ಹೊಕ್ಕು ಒಂದು ಗಂಟು ಕಟ್ಟಿಸಿಕೊಂಡು ಬರುತ್ತೇನೆ. ರದ್ದಿಯವನು ಹೇಳಿದ ದರಕ್ಕೆ ನಾನು ಯಾವತ್ತೂ ಒಪ್ಪಿದವನಲ್ಲ. ದರ ಕೇಳಿ ಮೊದಲು ನಗಬೇಕು. ಆಮೇಲೆ ಅವನದೇ ಚಹಾ ಕುಡಿಯಬೇಕು. ಆಮೇಲೆ ಎದ್ದು ಚಪ್ಪಲಿ ಮೆಟ್ಟಬೇಕು. ಎರಡನೇ ಚಪ್ಪಲಿಗೆ ಕಾಲು ಹಾಕುವುದರೊಳಗೆ ಅವನು ಕರೆದೇ ಕರೆಯುತ್ತಾನೆ. ಎರಡನೇ ಚಪ್ಪಲಿಯನ್ನು ಸಾವಕಾಶ ಮೆಟ್ಟುವುದರಲ್ಲೇ ನನ್ನ ಅಂಗಡಿ, ಮನೆ, ಇಬ್ಬರು ಹೆಣ್ಣುಮಕ್ಕಳ ಮದುವೆ, ಎಲ್ಲ ಆಗಿವೆ.

ಹಾಗೆ ತಂದ ಒಂದು ಗಂಟಿನಲ್ಲಿ ಬರೀ ಆಟಿಕೆ ರೈಲಿನ ಪತ್ರಿಕೆಗಳು. ಆಟಿಕೆ ಎಂದರೆ ಮಕ್ಕಳದ್ದಲ್ಲ. ತಲೆ ಬೋಳಾದ ದೊಡ್ಡ ದೊಡ್ಡ ಗಂಡಸರು ಮನೆಯೊಳಗೆ ಹಳಿ ಹಾಸಿ, ಗೇಣುದ್ದದ ಇಂಜಿನ್ ಓಡಿಸಿ, ಅದನ್ನು ಹೇಗೆ ಮಾಡಿದೆವೆಂದು ತಿಂಗಳಿಗೊಮ್ಮೆ ಬರೆದು, ಓದಿ, ಒಬ್ಬರಿಗೊಬ್ಬರು ತಪ್ಪು ತೆಗೆಯುವ ಪತ್ರಿಕೆ. ನನಗೆ ಇಂಗ್ಲಿಷ್ ಬರುವುದು ಬೆಲೆಯ ಮಟ್ಟಿಗೆ ಮಾತ್ರ. ಚಿತ್ರ ನೋಡಿದೆ. ಒಂದು ಸ್ಟೇಶನ್ನು, ಅದರಲ್ಲಿ ಜೋಳದ ಕಾಳಿನಷ್ಟು ಎತ್ತರದ ಮನುಷ್ಯ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದಾನೆ. ರೈಲು ಬರುತ್ತದೋ ಇಲ್ಲವೋ ಎಂಬ ಚಿಂತೆ ಅವನ ಮುಖದಲ್ಲಿಲ್ಲ. ನಮ್ಮ ಕಡೆಯವರಿಗೆ ಅಂಥ ಮುಖ ಕಂಡರೆ ಹೊಟ್ಟೆಕಿಚ್ಚು. ನಮ್ಮ ಊರುಗಳಿಗೆ ರೈಲು ಬರುತ್ತದೆ ಎಂದು ನಮ್ಮ ಅಪ್ಪಂದಿರೂ ಹೇಳುತ್ತಿದ್ದರು, ನಾವೂ ಹೇಳುತ್ತಿದ್ದೇವೆ. ಅಲ್ಲಿಯ ತನಕ ಕುಡಚಿಗೋ ಬಾಗಲಕೋಟೆಗೋ ಹೋಗಿ ಹತ್ತುತ್ತೇವೆ. ಆ ಗಂಟಿನ ಒಂದು ಹಾಳೆಯನ್ನೂ ನಾನು ಸೀರೆಯೊಳಗೆ ಇಡಲಿಲ್ಲ.

ಈ ಪತ್ರಿಕೆಗೆ ಅದರ ದೇಶದಲ್ಲಿ ಎಷ್ಟು ಪ್ರಸಾರವಿದೆಯೋ ಗೊತ್ತಿಲ್ಲ. ನಮ್ಮಲ್ಲಿ ಒಂದು ಪ್ರತಿಗೆ ನಾಲ್ಕು ಓದುಗರು. ಬನಹಟ್ಟಿಯಲ್ಲಿ ನಾನು, ಜಮಖಂಡಿಯಲ್ಲಿ ಗಡಿಯಾರ ರಿಪೇರಿಯ ಮಾದೇವಣ್ಣ, ಮುಧೋಳದಲ್ಲಿ ಟೈಪಿಂಗ್ ಕ್ಲಾಸಿನ ಸರ್, ಬೀಳಗಿಯಲ್ಲಿ ನಿವೃತ್ತ ಸರ್ವೇಯರ್ ಸಾಹೇಬರು. ಸಾಲಿ ಪುಸ್ತಕಕ್ಕೆ ಹಾಕುವ ಖಾಕಿ ಹೊದಿಕೆ ಹಾಕಿ, ಅದರ ಮೇಲೆ ನಾಲ್ಕು ಊರ ಹೆಸರು ಒಂದರ ಕೆಳಗೊಂದು ಬರೆದು, ಮುಂಜಾನೆಯ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಓದಿದವರು ತಮ್ಮ ಊರಿನ ಮುಂದೆ ಸಹಿ ಮಾಡಿ ಮುಂದಿನ ಬಸ್ಸಿಗೆ ಹಾಕಬೇಕು. ಬೀಳಗಿಯ ಸಾಹೇಬರು ಇಂಗ್ಲಿಷನ್ನು ಪೆನ್ಸಿಲಿನಿಂದ ಅಂಚಿನಲ್ಲಿ ಕನ್ನಡ ಮಾಡುತ್ತಿದ್ದರು: ‘ಅಂಟು ಒಣಗುವ ತನಕ ಮುಟ್ಟಬಾರದು’, ‘ಈ ಲೇಖಕನಿಗೆ ಅಳತೆ ಬರುವುದಿಲ್ಲ’. ಅಂಚು ಓದಲಿಕ್ಕಾಗಿ ಪತ್ರಿಕೆ ಹಿಂದಿರುಗಿ ಬರುವಾಗ ಇನ್ನೊಂದು ಸುತ್ತು ಹೊಡೆಯುತ್ತಿತ್ತು. ನಮ್ಮಲ್ಲಿ ಮೂವರ ಹತ್ತಿರ ಒಂದು ಗೇಣು ಹಳಿಯೂ ಇರಲಿಲ್ಲ. ಆದರೂ ಸಿಗ್ನಲ್ ಕಂಬ ಎಲ್ಲಿರಬೇಕೆಂದು ಫೋನಿನಲ್ಲಿ ಜಗಳವಾಡಿ ಎಂಟು ದಿನ ಮಾತು ಬಿಟ್ಟದ್ದುಂಟು.

ಓದಿದ್ದನ್ನು ಮಾಡುತ್ತಿದ್ದವನು ಮಾದೇವಣ್ಣ ಒಬ್ಬನೇ. ಮಗ್ಗದ ಹಳೆಯ ಲಾಳಿಯ ಕಟ್ಟಿಗೆ ಕೆತ್ತಿ, ಒಳಗೆ ಗೋಡೆ ಗಡಿಯಾರದ ಸ್ಪ್ರಿಂಗು ಕೂಡಿಸಿ, ಒಂದು ಇಂಜಿನ್ ಮಾಡಿದ್ದ. ಕೀಲಿ ಕೊಟ್ಟರೆ ಅವನ ಮೇಜಿನ ಈ ತುದಿಯಿಂದ ಆ ತುದಿಗೆ ಟಿಕ್ ಟಿಕ್ ಎನ್ನುತ್ತ ಹೋಗಿ ನಿಲ್ಲುತ್ತಿತ್ತು. ಅದನ್ನು ಕಂಡ ದಿನವೇ ನನಗೆ ಅದು ಬೇಕು ಎನಿಸಿತು. ಬೇಕು ಎನಿಸಿದ್ದನ್ನು ಮುಖದ ಮೇಲೆ ತೋರಿಸುವವನು ವ್ಯಾಪಾರಸ್ಥನಲ್ಲ. ಆಕಳಿಸುತ್ತ ಕೇಳಿದೆ.

“ಏನ್ ಕೊಡ್ತಿ ಮಾದೇವಣ್ಣಾ ಇದನ್ನ?”

“ಇದು ಮಾರೂದಲ್ರಿ ಸಾವ್ಕಾರ್ರ. ಇನ್ನೂ ಬಣ್ಣಾ ಹಚ್ಚೂದೈತಿ.”

ಮಾರುವುದಲ್ಲ ಎನ್ನುವುದು ದರ ಏರಿಸುವವರ ಮೊದಲ ಮಾತು ಎಂದು ಮೂವತ್ತು ವರ್ಷದ ಅನುಭವ ನನಗೆ ಹೇಳಿತು. 

ಅವನಿಗೂ ಒಂದು ಬೇಕಿತ್ತು. ಒಂದು ಸಂಚಿಕೆಯಲ್ಲಿ ಹಳ್ಳಿಯ ಸ್ಟೇಶನ್ನು ಕಟ್ಟುವ ನಕ್ಷೆಯಿತ್ತು, ಗೋಡೆಗಳ ತನಕ. ಚಾವಣಿ ಅದರ ಮುಂದಿನ ಸಂಚಿಕೆಯಲ್ಲಿ. ಮಾದೇವಣ್ಣ ನೂಲಿನ ಕೋನಿನ ರಟ್ಟು ಕತ್ತರಿಸಿ ಗೋಡೆ ಎಬ್ಬಿಸಿದ, ಕಿಟಕಿ ಕೊರೆದ, ‘ಜಮಖಂಡಿ’ ಎಂದು ಬೋರ್ಡು ಬರೆದು ನಿಲ್ಲಿಸಿದ, ಕೈಕಟ್ಟಿ ಕೂತ. “ಅಂದಾಜಿನ ಮ್ಯಾಲ ಚಾವಣಿ ಹಾಕೋ ಮಾರಾಯಾ” ಎಂದೆ. “ಅಂದಾಜಿನ ಮ್ಯಾಲ ಗಡಿಯಾರ ನಡೀತಾವೇನ್ರಿ?” ಎಂದ.

ಎರಡು ತಿಂಗಳಲ್ಲಿ ಆ ಸಂಚಿಕೆ ನನಗೆ ಸಿಕ್ಕಿತು. ಅದೇ ರದ್ದಿ ಅಂಗಡಿ, ಅದೇ ಎರಡನೇ ಚಪ್ಪಲಿ. ಅದೇ ಆ ನಾಲ್ಕು ರೂಪಾಯಿಯದ್ದು. ಮರುದಿನದ ಬಸ್ಸಿಗೆ ಹಾಕಬೇಕಿತ್ತು. ಹಾಕಲಿಲ್ಲ. ಇಂಥ ಮಾಲು ಕೈಯಲ್ಲಿರುವಾಗ ಮೊದಲು ಬಾಯಿ ಬಿಡಬಾರದು. ಎದುರಿನವನ ಅವಸರ ಹಣ್ಣಾಗಬೇಕು, ಆಗ ಅವನಾಗಿಯೇ ‘ಇಂಜಿನ್ ತಗೋರಿ, ಪುಸ್ತಕ ಕೊಡ್ರಿ’ ಎನ್ನುತ್ತಾನೆ. ಹೀಗೆಂದು ಅಂಗಡಿಯ ಗಾದಿಯ ಕೆಳಗೆ ಇಟ್ಟು, ಅದರ ಮೇಲೆ ಕೂತೆ.

ಮಾದೇವಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ.

“ಸಿಕ್ತೇನ್ರಿ?”

“ಹುಡುಕಾಕತ್ತೇನಿ ಮಾದೇವಣ್ಣಾ. ರದ್ದಿ ಅಂದ್ರ ಸಮುದ್ರ ಐತಿ.”

“ಭಾಳ ತ್ರಾಸ ಮಾಡ್ಕೋಬ್ಯಾಡ್ರಿ ನನ್ನ ಸಲುವಾಗಿ.”

ಊಟ ತಂದಿದ್ದ ನನ್ನ ಹೆಂಡತಿ ಶಾಂತಾ ಒಮ್ಮೆ ಇದನ್ನು ಕೇಳಿಸಿಕೊಂಡಳು. “ಬುಡಕ ಇಟ್ಕೊಂಡ್ ಕುಂತು ಹುಡುಕಾಕತ್ತೇನಿ ಅಂತೀರಲ್ರಿ, ಮ್ಯಾಲೆದ್ದರ ಸಿಗ್ತೈತಿ ನೋಡ್ರಿ” ಎಂದಳು. “ವ್ಯಾಪಾರ ನಿನಗ ತಿಳಿಯಂಗಿಲ್ಲ” ಎಂದೆ. “ಗೆಳ್ಯಾರ ಕೂಡ ಎಂಥಾ ವ್ಯಾಪಾರರೀ?” ಎಂದು ಬುತ್ತಿ ಬಿಚ್ಚದೆ ಹಾಗೇ ಇಟ್ಟು ಹೋದಳು. ಅಂದು ರೊಟ್ಟಿ ನಾನೇ ಬಿಚ್ಚಿಕೊಂಡು ತಿಂದೆ, ಗಾದಿಯ ಮೇಲಿಂದ ಏಳದೆ.

ಹೀಗೆ ಐದು ತಿಂಗಳು ಕಳೆಯಿತು. ಮಾದೇವಣ್ಣನ ಅವಸರ ಹಣ್ಣಾಗಲೇ ಇಲ್ಲ. ಒಂದು ಮುಂಜಾನೆ ಮುಧೋಳದ ಸರ್ ಫೋನು ಮಾಡಿದರು. “ಮಾದೇವಣ್ಣ ಹೋದ್ರಂತ್ರಿ. ಅಂಗಡಿ ಬಾಗಲಾ ಎತ್ತಾಕ ಬಗ್ಗಿದಾವ್ರು ಮ್ಯಾಲೆ ಏಳಲೇ ಇಲ್ಲಂತ.” ನಾನು ಗಾದಿಯ ಮೇಲೇ ಕೂತಿದ್ದೆ. 

ಮೂರು ದಿನ ಬಿಟ್ಟು ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಪತ್ರಿಕೆ ಚೀಲದಲ್ಲಿತ್ತು. ಯಾಕೆ ಒಯ್ದೆ ಎಂದರೆ ನನಗೇ ತಿಳಿಯದು; ಬಿಟ್ಟು ಹೋಗಲೂ ಆಗಲಿಲ್ಲ. ಸ್ಟೇಶನ್ನನ್ನು ಅಂಗಡಿಯಿಂದ ಮನೆಗೆ ತಂದು ಕಿಟಕಿಯಲ್ಲಿ ಇಟ್ಟಿದ್ದರು. ಒಳಗೆ ಧೂಳು ಬೀಳಬಾರದೆಂದು ಚಾವಣಿಯ ಜಾಗದಲ್ಲಿ ಮಾದೇವಣ್ಣನ ಕರವಸ್ತ್ರ ಹೊದಿಸಿತ್ತು. ನಾನು ಆಡಬೇಕಾದ ನಾಲ್ಕು ಮಾತು ಆಡಿ, ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟತೊಡಗಿದೆ. ಎರಡನೇ ಚಪ್ಪಲಿಗೆ ಕಾಲು ಹಾಕುವಾಗ ಅವನ ಹೆಂಡತಿ ಗಂಗವ್ವ ಕರೆದರು.

“ಅಣ್ಣಾರ, ನಿಂದರ್ರಿ. ನಿಮ್ಮದೊಂದು ಐತಿ.”

ಕೈಯಲ್ಲಿ ಇಂಜಿನ್. ಕಪ್ಪು ಬಣ್ಣ, ಕೆಂಪು ಗಾಲಿ. ಪಕ್ಕದಲ್ಲಿ ಸಣ್ಣಗೆ ‘ಬನಹಟ್ಟಿ’ ಎಂದು ಬರೆದಿತ್ತು.

“ಅಷ್ಟು ದೊಡ್ಡ ಸಾವ್ಕಾರ್ರು ನನ್ನ ಸಲುವಾಗಿ ರದ್ದ್ಯಾಗ ಕೈ ಹಾಕಿ ಹುಡುಕಾಕತ್ತಾರ, ಪುಸ್ತಕ ಸಿಗಲಿ ಬಿಡಲಿ ಇದು ಅವರಿಗೇ ಅಂತಿದ್ರು. ಬಣ್ಣಾ ಒಣಗ್ಲಿ ಅಂತ ಇಟ್ಟಿದ್ರು.” ಆಮೇಲೆ ಕೇಳಿದರು, “ಸಿಕ್ತೇನ್ರಿ ಆ ಪುಸ್ತಕ?”

“ಸಿಕ್ತವ್ವಾ.”

“ಯಾವಾಗ ಸಿಕ್ತರಿ?”

ಎಂಥೆಂಥ ದಲಾಲರಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟವನು ನಾನು. ಅಂದು ನನ್ನ ಬಾಯಿಂದ ಬಂದದ್ದು, “ನಿನ್ನೆ.”

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೇ ಸಮಾಧಾನ ಹೇಳಿದರು: “ಹೋಗ್ಲಿ ಬಿಡ್ರಿ ಅಣ್ಣಾ. ನಿಮ್ಮ ಕೈಯಾಗ ಏನಿತ್ತು?”

ನನ್ನ ಕೈಯಲ್ಲಿ ಏನಿತ್ತೆಂದು ನಿಮಗೆ ಗೊತ್ತು. ನಾನು ಆ ಚೀಲವನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆದೆ.

ಪತ್ರಿಕೆಯನ್ನು ಕೊನೆಗೂ ಸುತ್ತಿಗೆ ಬಿಟ್ಟೆ. ಖಾಕಿ ಹೊದಿಕೆಯ ಮೇಲೆ ನಾಲ್ಕೂ ಊರ ಹೆಸರು ಬರೆದೆ. ಮೂರು ಸಹಿ ಬಿದ್ದು ತಿರುಗಿ ಬಂತು. ಚಾವಣಿಯ ಪುಟದ ಅಂಚಿನಲ್ಲಿ ಸರ್ವೇಯರ್ ಸಾಹೇಬರ ಪೆನ್ಸಿಲ್ ಹೀಗೆ ಬರೆದಿತ್ತು: ‘ಸಾದಾ ರಟ್ಟು ಸಾಕು. ಅರ್ಧ ದಿನದ ಕೆಲಸ.’ ಅದನ್ನು ಓದಿದ ಮೇಲೆ ಸೀರೆಯ ಡಬ್ಬಿಯ ರಟ್ಟು ಕತ್ತರಿಸಿ ನಾನೇ ಚಾವಣಿ ಮಾಡಲು ಕೂತೆ. ನನಗೆ ಅರ್ಧ ದಿನ ಸಾಲಲಿಲ್ಲ, ಹದಿನೈದು ದಿನ ಬೇಕಾಯಿತು. ಶಾಂತಾ ನೋಡಿ, “ಒಂದ್ ಕಡೆ ಇಳಿದೈತಲ್ರಿ” ಎಂದಳು. ಇಳಿದಿದೆ. ಆದರೂ ಒಯ್ದು ಕೊಟ್ಟೆ. ಗಂಗವ್ವ ಕರವಸ್ತ್ರ ತೆಗೆದು ಮಡಚಿ ಇಟ್ಟುಕೊಂಡು, ಚಾವಣಿ ಕೂಡಿಸಿ, “ಛಲೋ ಆತು ನೋಡ್ರಿ” ಎಂದರು. ಪುಸ್ತಕ ಸಿಕ್ಕದ್ದು ‘ನಿನ್ನೆ’ ಅಲ್ಲ ಎಂದು ಅಂದು ಹೇಳಬೇಕೆಂದೇ ಹೋಗಿದ್ದೆ. ಚಹಾ ಕುಡಿದು ಬಂದೆ.

ಇಂಜಿನ್ ನನ್ನ ಗಲ್ಲಾಪೆಟ್ಟಿಗೆಯ ಮೇಲಿದೆ. ಗಿರಾಕಿಗಳು ದರ ಕೇಳುತ್ತಾರೆ. ಮಾರುವುದಲ್ಲ ಎನ್ನುತ್ತೇನೆ. ಅವರು ನಗುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಚಪ್ಪಲಿ ಮೆಟ್ಟುತ್ತಾರೆ. ನಾನು ಕರೆಯುವುದಿಲ್ಲ.

ನೀವೂ ಇಂಥ ಪತ್ರಿಕೆಗಳ ಹುಚ್ಚಿಗೆ ಬೀಳುವವರಿದ್ದರೆ, ಅನುಭವಸ್ಥನ ಮಾತು ಕೇಳಿ. ರದ್ದಿಯ ದರಕ್ಕಿಂತ ಒಂದು ಪೈಸೆ ಹೆಚ್ಚು ಕೊಡಬೇಡಿ. ನಕ್ಷೆ ಆ ಸಂಚಿಕೆಯಲ್ಲೇ ಮುಗಿಯುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ತೆರೆದು ನೋಡಿ. ಖಾಕಿ ಹೊದಿಕೆ ಹಾಕಿ, ಮಳೆಗಾಲದಲ್ಲಿ ಮೇಲೊಂದು ಪ್ಲಾಸ್ಟಿಕ್ ಚೀಲ. ಕಂಡಕ್ಟರು ದುಡ್ಡು ತೆಗೆದುಕೊಳ್ಳುವುದಿಲ್ಲ, ಚಹಾ ಕುಡಿಸಿ. ಇನ್ನು, ಯಾರಾದರೂ ಕಾಯುತ್ತಿರುವ ಸಂಚಿಕೆ ನಿಮಗೆ ಸಿಕ್ಕಿದರೆ ಅದನ್ನು ಮನೆಯೊಳಗೂ ತರಬೇಡಿ. ನೇರ ಬಸ್‌ಸ್ಟ್ಯಾಂಡಿಗೆ ಹೋಗಿ. ಬನಹಟ್ಟಿಯಿಂದ ಜಮಖಂಡಿಗೆ ಅರ್ಧ ತಾಸಿಗೊಂದು ಬಸ್ಸಿದೆ. ಐದು ತಿಂಗಳಿಗೆ ಎಷ್ಟು ಬಸ್ಸಾದವು ಎಂದು ಮಾತ್ರ ನನ್ನನ್ನು ಕೇಳಬೇಡಿ.