ಕೆಡುಕಿಗೆ ಕೊಟ್ಟ ಮಾರ್ಕ್ಸು

ಕೆಲಸ ಕೆಟ್ಟಾಗ ಯಾರಿಗೂ ನಗು ಬರುವುದಿಲ್ಲ. ಕೆಲಸ ಕೆಡದಂತೆ ನೋಡಿಕೊಳ್ಳಲು ಹೊರಟೆವೋ, ನಮ್ಮ ಕಾರ್ಖಾನೆಯಲ್ಲಿ ದಿನಕ್ಕೊಂದು ನಗೆಪ್ರಸಂಗ ನಡೆದೇ ನಡೆಯುತ್ತದೆ.

ಬೊಮ್ಮಸಂದ್ರದಲ್ಲಿ ಬಸ್ಸಿನ ಬಾಗಿಲಿಗೆ ಕೀಲು ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಲೈನ್ ಸೂಪರ್‌ವೈಸರ್. ಬೆಳಿಗ್ಗೆ ಮೇನ್ ಸ್ವಿಚ್ ಪಕ್ಕದ ಗಣಪತಿ ಪಟಕ್ಕೆ ಊದುಬತ್ತಿ ಹಚ್ಚಿ, ಇವತ್ತಿನ ದಿನ ಸುಸೂತ್ರವಾಗಿ ಕಳೆಯಲಿ ಸ್ವಾಮಿ ಎಂದು ಕೈಮುಗಿಯುವುದೇ ಇಷ್ಟು ವರ್ಷ ನಾನು ತೆಗೆದುಕೊಂಡ ಮುಂಜಾಗ್ರತೆ. ಅದು ಸಾಲದು ಎಂದು ಕಳೆದ ವರ್ಷ ಗೊತ್ತಾಯಿತು.

ದೊಡ್ಡ ಬಸ್ ಕಂಪನಿಯೊಂದು ನಮಗೆ ಹೊಸ ಆರ್ಡರ್ ಕೊಡಲು ಮುಂದೆ ಬಂತು. ಷರತ್ತು ಒಂದೇ. ನಿಮ್ಮಲ್ಲಿ ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಬೇಕು, ಯಾವುದು ಹೆಚ್ಚು ಅಪಾಯವೋ ಅದನ್ನು ಮೊದಲು ಸರಿಪಡಿಸಬೇಕು. ಅವರ ಆಡಿಟರ್ ಬಂದು ನೋಡಿ ಒಪ್ಪಿದರೆ ಆರ್ಡರ್. ಒಪ್ಪದಿದ್ದರೆ ನಮ್ಮ ಲೈನನ್ನೇ ಎತ್ತಿ ಊರಿನ ಆ ತುದಿಯ ದಾಬಸ್‌ಪೇಟೆಯ ತಮ್ಮ ಇನ್ನೊಂದು ಶೆಡ್ಡಿಗೆ ಸಾಗಿಸುವುದಾಗಿ ಮಾಲೀಕರು ಹೇಳಿಬಿಟ್ಟರು. ನನ್ನ ಲೈನಿನ ಹದಿನೆಂಟು ಜನರಲ್ಲಿ ಹೆಚ್ಚಿನವರು ಹೆಬ್ಬಗೋಡಿಯಲ್ಲಿ ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿದವರು. ದಾಬಸ್‌ಪೇಟೆ ಎಂದ ಕೂಡಲೇ ಎಲ್ಲರ ಮುಖವೂ ಸಪ್ಪೆಯಾಯಿತು.

೧. ಹತ್ತಕ್ಕೆ ಹತ್ತು

ಪಟ್ಟಿ ಮಾಡಿಸಲು ಕ್ವಾಲಿಟಿ ವಿಭಾಗದ ಮೇಡಂ ಬಂದರು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. "ನೋಡಿ, ಕೆಟ್ಟರೆ ಎಷ್ಟು ಅನಾಹುತ, ಎಷ್ಟು ಸಲ ಕೆಡುತ್ತೆ, ಕೆಟ್ಟಿದ್ದನ್ನ ಕಂಡುಹಿಡಿಯೋದು ಎಷ್ಟು ಕಷ್ಟ. ಮೂರಕ್ಕೂ ಹತ್ತರೊಳಗೆ ಮಾರ್ಕ್ಸ್ ಕೊಡಿ. ಮೂರನ್ನೂ ಗುಣಿಸೋಣ. ಜಾಸ್ತಿ ಬಂದಿದ್ದು ಮೊದಲು ರಿಪೇರಿ," ಎಂದರು.

ಪ್ರೆಸ್ ಮಷೀನಿನ ಆಪರೇಟರ್ ಕೊಪ್ಪಳದ ಕಡೆಯವನು. ಎದ್ದು ನಿಂತು, "ನಂದು ಬರ್ಕೊಳ್ರಿ ಮೇಡಂ. ಹತ್ತು, ಹತ್ತು, ಹತ್ತು," ಎಂದ.

ಮೇಡಂ ಕೈಯಲ್ಲಿದ್ದ ಪೆನ್ನು ನಿಂತಿತು. "ಸಾವಿರ ಆಯ್ತಲ್ರೀ! ಅಷ್ಟೊಂದು ಕೆಡುತ್ತಾ?"

"ಕೆಡೂದಾ? ಹತ್ತು ವರ್ಷದಾಗ ಒಮ್ಮೆನೂ ಕೈಕೊಟ್ಟಿಲ್ರಿ."

"ಮತ್ತೆ ಹತ್ತು ಯಾಕೆ?"

"ಇಷ್ಟು ನಿಯತ್ತಿನಿಂದ ದುಡಿಯೋ ಮಷೀನಿಗೆ ಕಮ್ಮಿ ಹೆಂಗ ಕೊಡ್ಲಿರಿ? ಮನಸ್ಸು ಬರಬೇಕಲ್ಲ."

ಇಲ್ಲಿ ಕಡಿಮೆ ಬಂದವರೇ ಫಸ್ಟ್ ಕ್ಲಾಸು ಎಂದು ಅವನಿಗೆ ಒಪ್ಪಿಸಲು ಒಂದು ಸುತ್ತು ಕಾಫಿ ಖರ್ಚಾಯಿತು. ಕೊನೆಗೆ ಭಾರವಾದ ಮನಸ್ಸಿನಿಂದ 'ಎಷ್ಟು ಸಲ'ಕ್ಕೆ ಒಂದು ಕೊಟ್ಟ. ಇದನ್ನೆಲ್ಲ ಕೇಳಿಸಿಕೊಂಡ ಡ್ರಿಲ್ಲಿಂಗ್ ಮಷೀನಿನವನು, ವಾರಕ್ಕೊಮ್ಮೆ ತಪ್ಪದೆ ಕೆಡುವ ಮಷೀನು ಅವನದು, ಕೈ ಎತ್ತಿ ಹೇಳಿದ: "ನಂದಕ್ಕೂ ಒಂದೇ ಹಾಕ್ಬಿಡಿ ಮೇಡಂ. ಪಕ್ಕದಲ್ಲೇ ಅಲ್ವಾ ಇರೋದು."

ನಾನು ಓದಿದ ಹಳ್ಳಿ ಶಾಲೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದವರನ್ನು ಕಂಡಿದ್ದೇನೆ. ಪಕ್ಕದವನ ಮಾರ್ಕ್ಸನ್ನೇ ನೇರವಾಗಿ ಕೇಳಿದವನನ್ನು ಕಂಡದ್ದು ಅಂದೇ.

೨. ಬಿಡ್ತು ಅನ್ನಿ

ಮಾರ್ಕ್ಸಿನ ಲೆಕ್ಕ ತಿಳಿಯಿತು. ಆದರೆ ಏನು ಕೆಡಬಹುದು ಎಂದು ಬಾಯಿ ಬಿಟ್ಟು ಹೇಳುವವರು ಯಾರು? ತಪ್ಪು ನನ್ನಿಂದಲೇ ಶುರುವಾಯಿತು ಎನ್ನಬೇಕು. ಕೆಟ್ಟ ಮಾತು ಆಡಿದರೆ ಮೇಲೆ ತಿರುಗಾಡುವ ದೇವತೆಗಳು 'ಅಸ್ತು' ಅಂದುಬಿಡುತ್ತಾರೆ ಎಂದು ಕೇಳಿ ಬೆಳೆದವನು ನಾನು. ಮೀಟಿಂಗ್ ಇಟ್ಟದ್ದು ಸೋಮವಾರ ಬೆಳಿಗ್ಗೆ ಎಂಟೂವರೆಗೆ. "ಮೇಡಂ, ಒಂಬತ್ತರವರೆಗೆ ರಾಹುಕಾಲ. ಆಮೇಲೆ ಕೆಡಿಸೋಣ," ಎಂದೆ. ಪುಣ್ಯಾತ್ಗಿತ್ತಿ, ಕಾದರು. ಹಾಳೆಯ ಮೇಲೆ ನಾನು 'ಶ್ರೀ' ಬರೆದದ್ದಕ್ಕೂ ಏನೂ ಅನ್ನಲಿಲ್ಲ.

ಒಂಬತ್ತಾಯಿತು. "ವೆಲ್ಡಿಂಗ್ ಬಿಟ್ಟುಕೊಳ್ಳಬಹುದಾ?" ಎಂದು ಮೇಡಂ ಕೇಳಿದರು.

"ಬಿಡ್ತು ಅನ್ನಿ ಮೇಡಂ!" ಎಂದ ವೆಲ್ಡಿಂಗಿನವನು.

"ಬಣ್ಣ ಕಿತ್ತು ಬರಬಹುದಾ?"

"ಅಯ್ಯೋ, ಬಿಡ್ತು ಅನ್ನಿ! ಬೆಳಬೆಳಗ್ಗೆ ಎಂಥಾ ಮಾತು!" ಎಂದಳು ಪೇಂಟಿಂಗಿನ ಅಕ್ಕ.

ಹತ್ತು ಗಂಟೆಯವರೆಗೂ ಹಾಳೆಯಲ್ಲಿ ಇದ್ದದ್ದು ನನ್ನ 'ಶ್ರೀ' ಒಂದೇ. ಆಗ ಮೇಡಂ, "ಸರಿ, ನಿಮ್ಮ ಮಷೀನಿನ ವಿಷಯ ಬೇಡ. ಪಕ್ಕದವರ ಕೆಲಸದಲ್ಲಿ ಏನು ಕೆಡಬಹುದು, ಅದನ್ನು ಬರೀರಿ," ಎಂದರು.

ಅರ್ಧ ಗಂಟೆಯಲ್ಲಿ ತಂದಿದ್ದ ಹಾಳೆಗಳೆಲ್ಲ ಮುಗಿದು, ಆಫೀಸಿನಿಂದ ಇನ್ನೊಂದು ಕಟ್ಟು ತರಿಸಬೇಕಾಯಿತು. ಕೈಗಳು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಲೈನಿನ ಮೇಲೂ ಕಂಡಿರಲಿಲ್ಲ. ಪೇಂಟಿಂಗಿನ ಅಕ್ಕ ಬರೆದ ಮೊದಲ ಸಾಲನ್ನು ಮೇಡಂ ಗಟ್ಟಿಯಾಗಿ ಓದಿದರು: "ದೋಷ: ವೆಲ್ಡಿಂಗಿನವರು. ಕಾರಣ: ಅವರೇ. ಪರಿಹಾರ: ಇಲ್ಲ."

೩. ಮನೆಯ ಪಟ್ಟಿ

ಈ ವಿದ್ಯೆ ತಲೆಗೆ ಹತ್ತಿ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಾಗ ಅಲ್ಲಿಗೂ ಪಟ್ಟಿ ಹಿಡಿದು ಕುಳಿತೆ. ಪ್ರಸಾದದ ಸಪಾದಭಕ್ಷ್ಯ ತಳ ಹೊತ್ತುವುದು, ಪುರೋಹಿತರು ತಡವಾಗುವುದು ಎಂದು ಬರೆಯುತ್ತಿದ್ದೆ. ನನ್ನವಳು ಹೂ ಕಟ್ಟುತ್ತಾ, "ಮುಖ್ಯವಾದದ್ದು ಬಿಟ್ರಿ. ನೀವು ಬಾಳೆಎಲೆ ಮರೆತು ಬರೋದು," ಎಂದಳು.

ಹೊಟ್ಟೆಗೆ ಹಾಕಿಕೊಂಡು ಬರೆದೆ. "ಅನಾಹುತ ಎಷ್ಟು?"

"ಎಂಟು. ಬಂದವರು ಊಟಕ್ಕೆ ಕೂರಬೇಕಲ್ಲ."

"ಎಷ್ಟು ಸಲ?"

"ಪ್ರತಿ ವರ್ಷ. ಹತ್ತು."

"ಕಂಡುಹಿಡಿಯೋದು ಕಷ್ಟವೋ?"

"ಏನು ಕಷ್ಟ? ನೀವು ಚೀಲ ಹಿಡಿದು ಹೊರಟಾಗ್ಲೇ ನಂಗೊತ್ತಾಗುತ್ತೆ. ಒಂದು ಹಾಕಿ."

ಎಂಬತ್ತು ಬಂತು. ಪರಿಹಾರವೇನು ಎಂದು ಗಂಭೀರವಾಗಿ ಯೋಚಿಸತೊಡಗಿದೆ. ಅವಳು ಅಡುಗೆಮನೆಯ ಮೂಲೆ ತೋರಿಸಿದಳು. ಎಲೆಗಳ ಕಟ್ಟು ಆಗಲೇ ನೀರು ಚಿಮುಕಿಸಿಕೊಂಡು ಕೂತಿತ್ತು. "ಹದಿನೈದು ವರ್ಷದಿಂದ ನಾನೇ ಹಿಂದಿನ ದಿನ ತರಿಸ್ತಿದ್ದೀನಿ. ನೀವು ಆಮೇಲೆ ನೆನಪಾಗಿ ಓಡಿಹೋಗಿ ತರೋದು ಹಸುವಿಗೆ," ಎಂದಳು.

೪. ಗೇಟಿನಲ್ಲಿ

ಆಡಿಟ್ ದಿನ ಬಂತು. ಪಟ್ಟಿಯಲ್ಲಿದ್ದ ದೊಡ್ಡ ಅಂಕದ ಸಾಲುಗಳಲ್ಲಿ ಒಂದು, ಭಾರದ ಕೀಲು ಕಾಲ ಮೇಲೆ ಬೀಳುವುದು. ಪರಿಹಾರ: ಮುಂದೆ ಕಬ್ಬಿಣವಿರುವ ಸೇಫ್ಟಿ ಬೂಟಿಲ್ಲದೆ ಯಾರೂ ಒಳಗೆ ಬರಕೂಡದು. ಜವಾಬ್ದಾರಿ: ವಾಚ್‌ಮನ್. ಯಾದಗಿರಿ ಕಡೆಯ ಈ ಯಜಮಾನರಿಗೆ ಅದುವರೆಗೆ ಯಾರೂ ಯಾವ ಪಟ್ಟಿಯಲ್ಲೂ ಜಾಗ ಕೊಟ್ಟಿರಲಿಲ್ಲ. ಕೆಲಸವನ್ನು ವ್ರತದಂತೆ ಹಿಡಿದುಕೊಂಡರು.

ನಾವೆಲ್ಲ ಮೇಲಿನ ಕೋಣೆಯಲ್ಲಿ ಹಾರ ಹಿಡಿದು ಕುಳಿತಿದ್ದೆವು. ಆಡಿಟ್ ನಡುವೆ ಸದ್ದಾಗಬಾರದೆಂದು ಎಲ್ಲರ ಫೋನನ್ನೂ ಒಂದು ಟ್ರೇಯಲ್ಲಿ ಇಡಿಸಿದ್ದರು ಮಾಲೀಕರು, ತಮ್ಮದನ್ನೂ ಸೇರಿಸಿ. ಹತ್ತಾಯಿತು. ಹತ್ತೂವರೆಯಾಯಿತು. ಆಡಿಟರ್ ಪತ್ತೆಯಿಲ್ಲ. ಟ್ರೇಯಲ್ಲಿ ಮಾಲೀಕರ ಫೋನು ಹೊಟ್ಟೆನೋವು ಬಂದಂತೆ ಹೊರಳಾಡುತ್ತಿತ್ತು. ಶಿಸ್ತು ಎಂದರೆ ಶಿಸ್ತು, ಯಾರೂ ಮುಟ್ಟಲಿಲ್ಲ.

"ಬರಲ್ಲ ಅನ್ಸುತ್ತೆ. ದಾಬಸ್‌ಪೇಟೆಗೆ ಯಾವ ಬಸ್ಸು ಸಾರ್?" ಎಂದು ಪೇಂಟಿಂಗಿನ ಅಕ್ಕ ಮೆಲ್ಲಗೆ ಕೇಳಿದಳು. ನನಗೆ ಕೂರಲಾಗಲಿಲ್ಲ. ಕೆಳಗಿಳಿದು ಗೇಟಿನ ಕಡೆ ನಡೆದೆ. ವಾಚ್‌ಮನ್ ಗೂಡಿನಲ್ಲಿ, ಸ್ಟೂಲಿನ ಮೇಲೆ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಆಡಿಟರ್ ಕುಳಿತಿದ್ದರು. ಕಾಲಲ್ಲಿ ಬಟ್ಟೆಯ ಶೂ.

"ಬೂಟ್ ಇಲ್ರಿ ಇವ್ರಿಗೆ," ಎಂದರು ವಾಚ್‌ಮನ್. "ಹೆಚ್ಚಿನ ಜೋಡಿ ಸ್ಟೋರಿನಾಗ ಅದಾವ, ಸ್ಟೋರಿನವ್ರು ನಿಮ್ ಕೂಡ ಮ್ಯಾಲೆ ಕುಂತಾರ. ಗೇಟ್ ಬಿಟ್ಟು ನಾ ಹೆಂಗ ಬರ್ಲಿರಿ? ಇವ್ರು ಫೋನ್ ಹಚ್ಚಿದ್ರ ಮಾಲೀಕ್ರು ಎತ್ತವಲ್ರು. ಚಾ ಕೊಟ್ಟೀನಿ."

ನಾನು ಅಲ್ಲಿಂದಲೇ ಮೇಲಿನ ಕೋಣೆಯತ್ತ ಕೂಗಿದೆ. ಮಾಲೀಕರು ಓಡಿಬಂದರು. ಕ್ಷಮಿಸಿ, ತಪ್ಪಾಯಿತು ಎನ್ನುವಷ್ಟರಲ್ಲಿ ಆಡಿಟರ್ ಅವರನ್ನು ತಡೆದು ವಾಚ್‌ಮನ್ ಕಡೆ ತಿರುಗಿದರು. "ನಿಮ್ಮ ಮಾಲೀಕರನ್ನೂ ಹೀಗೇ ಕೂರಿಸ್ತೀರಾ?"

"ಮೊನ್ನೆ ಕುಂಡ್ರಿಸಿದ್ನಿರಿ. ಅದಕ್ಕ ನೋಡ್ರಿ, ಇವತ್ತ ಹಾಕ್ಕೊಂಡು ಬಂದಾರ."

ಎಲ್ಲರ ಕಣ್ಣೂ ಮಾಲೀಕರ ಕಾಲಿಗೆ ಹೋಯಿತು. ಹೊಸ ಬೂಟಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಆಡಿಟರ್ ನಗಲಿಲ್ಲ. ಎರವಲು ಬೂಟು ಹಾಕಿಕೊಂಡು ಇಡೀ ದಿನ ಲೈನು ಸುತ್ತಿದರು. ಸಂಜೆ ಪಟ್ಟಿ ಮುಂದಿಟ್ಟುಕೊಂಡು, "ಒಂದು ಸಾಲು ಬಿಟ್ಟುಹೋಗಿದೆ. ಬರೀರಿ, ಆಡಿಟರ್ ಗೇಟಿನಲ್ಲೇ ಉಳಿಯೋದು. ಅನಾಹುತಕ್ಕೆ ಎಷ್ಟು?" ಎಂದರು.

"ಹತ್ತು," ಎಂದರು ಮಾಲೀಕರು, ಬೆವರು ಒರೆಸಿಕೊಳ್ಳುತ್ತ.

"ಎಷ್ಟು ಸಲ?"

"ಇದೇ ಮೊದಲು ಸಾರ್. ಒಂದು," ಎಂದೆ ನಾನು.

"ಕಂಡುಹಿಡಿಯೋದು?"

ಮೇಡಂ ಟ್ರೇಯ ಕಡೆ ನೋಡಿ, "ಹತ್ತು ಸಾರ್," ಎಂದರು.

"ನೂರು. ಪರಿಹಾರ? ಗೇಟಿನ ಜವಾಬ್ದಾರಿ ವಾಚ್‌ಮನ್ ಅವರದ್ದೇ ಅಲ್ವಾ, ಅವರನ್ನೇ ಕರೀರಿ."

ವಾಚ್‌ಮನ್ ಬಂದು, ಟೋಪಿ ಸರಿ ಮಾಡಿಕೊಂಡು ಹೇಳಿದರು: "ಅದೇನ್ ದೊಡ್ಡದ್ರಿ. ಸಾಹೇಬ್ರು ಬರೋವಾಗ ಬೂಟ್ ಹಾಕ್ಕೊಂಡು ಬರಬೇಕ್ರಿ."

ಹದಿನೆಂಟು ಮನೆಗಳನ್ನು ನೆನೆದು ಗಣಪತಿಗೆ ನೂರೊಂದು ಗರಿಕೆಯ ಹರಕೆ ಹೇಳಿಕೊಂಡೆ. ಆಡಿಟರ್ ಪೆನ್ನು ತೆಗೆದು ನಿಧಾನವಾಗಿ ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಪರಿಹಾರ, ವಾಚ್‌ಮನ್ ಹೇಳಿದ್ದೇ. ಜವಾಬ್ದಾರಿ ಎಂಬಲ್ಲಿ ತಮ್ಮದೇ ಹೆಸರು. ಗಡುವು ಎಂಬಲ್ಲಿ: 'ಮೊದಲ ಲೋಡ್ ತೆಗೆದುಕೊಂಡು ಹೋಗಲು ಬರುವ ದಿನ'.

ಲೋಡ್ ಎಂದರೆ ಆರ್ಡರ್ ನಮ್ಮದೇ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪೇಂಟಿಂಗಿನ ಅಕ್ಕ ಚಪ್ಪಾಳೆ ತಟ್ಟಿದಳು, ಮಾಲೀಕರು ಕುರ್ಚಿಯಲ್ಲಿ ಕುಸಿದು ನಕ್ಕರು, ಹಾರ ಕೊನೆಗೂ ಆಡಿಟರ್ ಕೊರಳಿಗೆ ಬಿತ್ತು. ಗದ್ದಲವೆಲ್ಲ ಮುಗಿಯುವವರೆಗೆ ಕಾದಿದ್ದ ವಾಚ್‌ಮನ್ ಹೊರಡುವ ಮುನ್ನ ಒಂದು ಮಾತು ಸೇರಿಸಿದರು:

"ಬರ್ರಿ ಸಾಹೇಬ್ರ. ಕಾಲು ನೋಡಿ ಬಿಡ್ತೀನಿ."